ಪಕ್ಕಣ್ಣನ ಪಾನಾ ಪೆಟ್ಟಿಗೆ

ಪೆದ್ದರು ಎಲ್ಲ ಊರಲ್ಲೂ ಇರುತ್ತಾರೆ, ಅದಕ್ಕಾಗಿ ಅಣ್ಣಿಗೇರಿಯವರು ತಲೆ ತಗ್ಗಿಸಬೇಕಿಲ್ಲ. ಆದರೆ ಬೇರೆ ಊರಿನ ಪೆದ್ದರು ಹೇಳಿದ ಕೆಲಸ ಮಾಡದೆ ಕೂತುಬಿಡುತ್ತಾರೆ, ಹಾನಿ ಅಷ್ಟಕ್ಕೇ ನಿಲ್ಲುತ್ತದೆ. ಅಣ್ಣಿಗೇರಿಯ ಪಕ್ಕಣ್ಣ ಹಾಗಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ, ಒಂದಕ್ಷರ ಬಿಡುತ್ತಿರಲಿಲ್ಲ. ಅವನ ತಾಯಿ ಸಾವಂತ್ರವ್ವ ಕೆಟ್ಟದ್ದು ಅದರಿಂದಲೇ.

ಪೂರ್ತಿ ಹೆಸರು ಫಕೀರಪ್ಪ. ವಯಸ್ಸು ಮೂವತ್ತೆರಡು. ಜೋಳದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಅಟ್ಟದ ಮೇಲಿಡುವಷ್ಟು ಕಸುವು. ಕುತ್ತಿಗೆಯ ತನಕ ಯಾವ ದೋಷವೂ ಇಲ್ಲ, ಮೇಲಿನದನ್ನು ಕೇಳಬೇಡಿ. ಒಮ್ಮೆ ತಾಯಿ, ಬಾಗಿಲ ಮೇಲೆ ಕಣ್ಣಿಟ್ಟಿರು ಅಂತ ಹೇಳಿ ಸಂತೆಗೆ ಹೋದಳು. ಇವನು ಬಾಗಿಲ ಹಲಗೆಗೆ ಬಲಗಣ್ಣು ಒತ್ತಿಕೊಂಡು ನಿಂತ. ಹಿತ್ತಿಲಿಂದ ನಾಯಿ ಬಂತು, ರೊಟ್ಟಿ ಬುಟ್ಟಿ ಎಳೆದುಕೊಂಡು ಹೋಯಿತು, ಇವನಿಗೆ ಕಂಡದ್ದು ಹಲಗೆ ಮಾತ್ರ. ಸಂಜೆ ತಾಯಿ ಬಂದಾಗ ಕಣ್ಣಿನ ಸುತ್ತ ಕೆಂಪು ಬರೆ ಎದ್ದಿತ್ತು. ಬೇಕಾದರೆ ಎಡಗಣ್ಣನ್ನೂ ಇಡುತ್ತೇನೆ ಎಂದ.

ಸಾವಂತ್ರವ್ವನ ಗಂಡ ಈರಬಸಪ್ಪ ಲೇಥ್ ಅಂಗಡಿ ಇಟ್ಟವನು. ಬದುಕಿದ್ದಾಗ ಒಂದು ಕಾರು ಕಟ್ಟಿದ. ಕೊಂಡದ್ದಲ್ಲ, ಕಟ್ಟಿದ್ದು. ಮುಂಬೈಯಿಂದ ದೊಡ್ಡ ದೊಡ್ಡ ಕಟ್ಟಿಗೆ ಪೆಟ್ಟಿಗೆಗಳಲ್ಲಿ ಫೈಬರಿನ ಮೈ, ಕಬ್ಬಿಣದ ಚೌಕಟ್ಟು, ಹೀಗೆ ಹೀಗೆ ಜೋಡಿಸಿಕೊಳ್ಳಿ ಎಂಬ ಚಿತ್ರದ ಪುಸ್ತಕ ಬಂದವು. ಉಳಿದದ್ದನ್ನು ನೀವೇ ಹುಡುಕಿಕೊಳ್ಳಿ ಅಂತ ಪುಸ್ತಕದ ಕೊನೆಗೆ ಬರೆದಿತ್ತು. ಈರಬಸಪ್ಪ ಹುಡುಕಿದ. ಎಂಜಿನ್ನು ಒಂದು ಹಳೇ ಟ್ಯಾಕ್ಸಿಯದು, ಗೇರು ಜೀಪಿನದು, ಗಾಲಿಗಳು ಟೆಂಪೋದವು, ಹಾರ್ನು ಯಾವುದೋ ಬಸ್ಸಿನದು. ಹನ್ನೊಂದು ವರ್ಷ ಜೋಡಿಸಿದ. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಕುಂಕುಮದ ಬಣ್ಣ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಾವಂತ್ರವ್ವ ಅದನ್ನು ಓಡಿಸುತ್ತಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರು ಕಪ್ಪು ಹಿಡಿದುಕೊಂಡೇ ಎದ್ದು ನಿಲ್ಲುತ್ತಿದ್ದರು. ಗಂಡ ಸತ್ತ ಮೇಲೆ ಅವಳಿಗೆ ಅವನೆಂದರೆ ಆ ಕಾರೇ ಆಗಿತ್ತು. ಮಗನಿದ್ದನಲ್ಲ ಅಂತ ಕೇಳಬೇಡಿ.

ಇಂಥ ಗಾಡಿಗೆ ಒಂದು ಪೀಡೆ ಇದೆ. ದಾರಿಯಲ್ಲಿ ಕೆಟ್ಟರೆ ಯಾವ ಅಂಗಡಿಯಲ್ಲೂ ಸಾಮಾನು ಸಿಗುವುದಿಲ್ಲ. ಯಾವ ಗಾಡಿಯದ್ದು ಬೇಕು ಅಂತ ಅಂಗಡಿಯವನು ಕೇಳಿದರೆ ಹೇಳಲು ಹೆಸರೇ ಇಲ್ಲ. ನಟ್ಟಿನಲ್ಲೂ ಎರಡು ಜಾತಿ. ಎಂಜಿನ್ನಿಗೆ ಇಂಚಿನ ಅಳತೆ, ಗೇರಿಗೂ ಡೈನಮೊಕ್ಕೂ ಮಿಲಿಮೀಟರಿನ ಅಳತೆ. ಹಾಗಾಗಿ ನಟ್ಟು ತಿರುವುವ ಪಾನಾ, ಇಕ್ಕಳ, ಬೆಲ್ಟು, ಪೈಪು ಎಲ್ಲವನ್ನೂ ಮನೆಯಿಂದಲೇ ಒಯ್ಯಬೇಕು. ಈರಬಸಪ್ಪ ಒಂದು ಹಸಿರು ಟ್ರಂಕಿನಲ್ಲಿ ಇದನ್ನೆಲ್ಲ ತುಂಬಿಟ್ಟಿದ್ದ. ಅವನು ಹೋದ ಮೇಲೆ ಬಂದವರೊಬ್ಬರು ಇಕ್ಕಳ ಒಯ್ದರು, ಬಂದವರೊಬ್ಬರು ಜಾಕ್ ಒಯ್ದರು, ಮರಳಿ ಯಾರೂ ತರಲಿಲ್ಲ. ಟ್ರಂಕು ಖಾಲಿಯಾಯಿತು.

ಅಂಥ ಹೊತ್ತಿನಲ್ಲಿ ಹುಬ್ಬಳ್ಳಿಯಿಂದ ಸರಕಾರಿ ಕಾಗದ ಬಂತು. ಮನೆಯಲ್ಲಿ ಜೋಡಿಸಿದ ಗಾಡಿಗಳನ್ನೆಲ್ಲ ಮತ್ತೊಮ್ಮೆ ತಪಾಸಣೆ ಮಾಡುತ್ತಾರಂತೆ. ಮೂರು ಮಂಗಳವಾರ ಕೊಟ್ಟಿದ್ದರು. ಮೂರರಲ್ಲಿ ಯಾವುದಾದರೊಂದು ದಿನ, ಮಧ್ಯಾಹ್ನ ಹನ್ನೆರಡರೊಳಗೆ, ಗಾಡಿ ತನ್ನ ಗಾಲಿಯ ಮೇಲೆ ತಾನೇ ಹುಬ್ಬಳ್ಳಿಯ ತಪಾಸಣೆ ಮೈದಾನಕ್ಕೆ ಬರಬೇಕು. ಹಗ್ಗ ಕಟ್ಟಿ ಎಳೆದು ತಂದರೆ ನಡೆಯದು. ಮೂರನೆಯ ಮಂಗಳವಾರ ಸಂಜೆಯೊಳಗೆ ಪಾಸಾಗದ ಗಾಡಿಯ ನಂಬರನ್ನು ಹೊಡೆದುಹಾಕುತ್ತಾರೆ, ಆಮೇಲೆ ಅದು ರಸ್ತೆಗೆ ಇಳಿಯುವ ಹಾಗಿಲ್ಲ.

ಸಾವಂತ್ರವ್ವ ಕಾಗದವನ್ನು ಮೂರು ಸಲ ಓದಿಸಿ ಕೇಳಿದಳು. ಹುಬ್ಬಳ್ಳಿ ಏನು ದೂರ, ಒಂದು ತಾಸಿನ ದಾರಿ. ಗಾಡಿ ತಾನು ಓಡಿಸುತ್ತಾಳೆ. ಪಕ್ಕದ ಸೀಟಿನಲ್ಲಿ ಒಬ್ಬರು ಪೆಟ್ಟಿಗೆ ಹಿಡಿದು ಕೂತರಾಯಿತು. ಟ್ರಂಕನ್ನು ತಾನೇ ತುಂಬಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವಳಿಗೊಂದು ಹಟ. ಈರಬಸಪ್ಪನ ಹೊಟ್ಟೆಯಲ್ಲಿ ಹುಟ್ಟಿದವನು ಒಂದು ಪೆಟ್ಟಿಗೆಯನ್ನಾದರೂ ತುಂಬಬೇಡವೇ, ನಾಳೆ ನಾನಿಲ್ಲದಾಗ ಈ ಗಾಡಿ ಯಾರ ಕೈಗೆ ಎಂದು. ಮಗನ ಮೇಲೆ ಮೂವತ್ತೆರಡು ವರ್ಷ ಆದ ಮೇಲೂ ಆಸೆ ಇಟ್ಟುಕೊಂಡವಳನ್ನು ಏನೆನ್ನಬೇಕು, ನೀವೇ ಹೇಳಿ.

ಮಗನನ್ನು ಕರೆದು ಕೂರಿಸಿ ಹೇಳಿದಳು. ಗಾಡಿ ಕೈ ಕೊಡುವ ಮೊದಲೇ ಪೆಟ್ಟಿಗೆ ತಯಾರಿರಬೇಕು. ಒಂದು ಬೆಲ್ಟು, ನಾಲ್ಕು ಪ್ಲಗ್ಗು, ಹತ್ತು-ಹನ್ನೊಂದು ಪಾನಾ, ಇಷ್ಟು ಸದ್ಯಕ್ಕೆ ಸಾಕು. ಪಕ್ಕಣ್ಣ ತಲೆಯಾಡಿಸಿದ. ಮೊದಲು ಹೋಗಿ ಗಾಡಿಯ ಸುತ್ತ ಎರಡು ಸುತ್ತು ಬಂದು ಕೈ ಎಲ್ಲಿದೆ ಅಂತ ನೋಡಿದ. ಕಾಣಲಿಲ್ಲ. ಕೊಟ್ಟಾಗ ನೋಡೋಣ ಎಂದುಕೊಂಡು ಟ್ರಂಕು ತುಂಬಲು ಹೊರಟ.

ಮೊದಲ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಹೊರಟರು. ಗಾಡಿ ಹಿಂದಕ್ಕೆ ವಾಲಿತ್ತು. ಸಾವಂತ್ರವ್ವ ಇದೇನು ಭಾರ ಎಂದುಕೊಂಡಳೇ ಹೊರತು ಇಳಿದು ನೋಡಲಿಲ್ಲ. ಭದ್ರಾಪುರ ದಾಟುತ್ತಿದ್ದ ಹಾಗೆ ಮುಂದೆ ಚಟ್ ಎಂದು ಸದ್ದಾಯಿತು, ಫ್ಯಾನಿನ ಬೆಲ್ಟು ಹರಿದು ರಸ್ತೆಗೆ ಬಿತ್ತು. ಅವಳಿಗೆ ಗಾಬರಿಯಾಗಲಿಲ್ಲ. ಬೆಲ್ಟ್ ತೆಗೆ ಎಂದಳು.

ಪಕ್ಕಣ್ಣ ಟ್ರಂಕು ತೆರೆದು ಬೆಲ್ಟು ಕೊಟ್ಟ. ತನ್ನದೇ ಪ್ಯಾಂಟಿನ ಬೆಲ್ಟು. ಕಂದು ಚರ್ಮದ್ದು, ಹಿತ್ತಾಳೆ ಬಕ್ಕಲ್ಲಿನದು, ಹೋದ ವರ್ಷ ಮಾವ ಕೊಡಿಸಿದ್ದು. ಬೆಳಗಿನಿಂದ ಅವನು ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದು ಏಕೆ ಎಂದು ಅವಳಿಗೆ ಆಗ ತಿಳಿಯಿತು. ಪ್ಲಗ್ಗು ತೋರಿಸು ಎಂದಳು. ನಾಲ್ಕೂ ಇದ್ದವು. ಒಂದು ಇಸ್ತ್ರಿ ಪೆಟ್ಟಿಗೆಯದು, ಒಂದು ಮಿಕ್ಸರಿನದು, ಒಂದು ಟೀವಿಯದು, ಒಂದು ಬಾಜೂ ಮನೆಯವರ ಟೇಬಲ್ ಫ್ಯಾನಿನದು. ಗೋಡೆಗೆ ಚುಚ್ಚುವ ಮೂರು ಕಡ್ಡಿಯ ಪ್ಲಗ್ಗುಗಳನ್ನು ವಾಯರು ಸಮೇತ ಕತ್ತರಿಸಿ ತಂದಿದ್ದ.

ಇನ್ನು ಪಾನಾ. ಗ್ಯಾರೇಜಿನವರು ಹತ್ತು-ಹನ್ನೊಂದು ಪಾನಾ ಎಂದರೆ ಒಂದೇ ಪಾನಾ, ಒಂದು ತುದಿ ಹತ್ತರ ಅಳತೆ, ಇನ್ನೊಂದು ತುದಿ ಹನ್ನೊಂದರ ಅಳತೆ. ಇದು ಅಣ್ಣಿಗೇರಿಯ ಕೋಳಿಗೂ ಗೊತ್ತು. ಪಕ್ಕಣ್ಣ ಮೊದಲು ಹತ್ತು ಪಾನಾ ಇಟ್ಟಿದ್ದ, ಆಮೇಲೆ ಹನ್ನೊಂದು ಇಟ್ಟಿದ್ದ. ಲೇಥ್ ಅಂಗಡಿಯ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಲಾರಿ ಪಾನಾಗಳು, ಒಂದೊಂದೂ ಮೊಳದುದ್ದ. ಇಪ್ಪತ್ತೊಂದರಲ್ಲಿ ಒಂದೂ ಆ ಗಾಡಿಯ ಯಾವ ನಟ್ಟಿಗೂ ಕೂರುವಂಥದ್ದಲ್ಲ.

ಸಾವಂತ್ರವ್ವ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಳು. ಹನ್ನೆರಡಾಯಿತು, ಒಂದಾಯಿತು. ಹತ್ತಿ ಒಯ್ಯುವ ಟ್ರ್ಯಾಕ್ಟರಿನವನೊಬ್ಬ ಕಟ್ಟಿ ಎಳೆದು ಊರಿಗೆ ತಂದುಬಿಟ್ಟ. ದಾರಿಯುದ್ದಕ್ಕೂ ಅವನು ಹಿಂದೆ ನೋಡಿ ನಗುತ್ತಿದ್ದ. ಮನೆ ಮುಟ್ಟಿದ ಮೇಲೆ ಅವಳು ಮಗನಿಗೆ ಬೈದಳು, ಎಷ್ಟು ಬೈದಳೆಂದರೆ ಬಾಜೂ ಮನೆಯವರು ಫ್ಯಾನಿನ ಪ್ಲಗ್ಗು ಕೇಳಲು ಬಂದವರು ಹೊಸ್ತಿಲಿಂದಲೇ ಹಿಂದಕ್ಕೆ ಹೋದರು.

ಕೊನೆಗೆ ಉಸಿರು ಎಳೆದುಕೊಂಡು ಬುದ್ಧಿ ಹೇಳಿದಳು. "ಹೆಸರ ಕೇಳಿ ತರಬ್ಯಾಡೋ ಯಪ್ಪಾ. ಗಾಡ್ಯಾಗ ಏನೇನೈತಿ ಕಣ್ಣಿಂದ ನೋಡು. ನೋಡಿ, ಅದರಂಗ ಇರೂದನ್ನ ತಂದು ಇಡು."

"ಅದರಂಗ ಇರೂದು," ಎಂದ ಪಕ್ಕಣ್ಣ. ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡ.

ನಾಲ್ಕು ದಿನ ಅವನು ಬಾನೆಟ್ ಎತ್ತಿ ಎಂಜಿನ್ನು ನೋಡುತ್ತಲೇ ನಿಂತ. ಊಟಕ್ಕೆ ಕರೆದರೂ ಬರಲಿಲ್ಲ. ತಾಯಿ ಅಡುಗೆಮನೆಯಿಂದ ಇಣುಕಿ ನೋಡಿದಳು, ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಅಪ್ಪನೂ ಹೀಗೇ ನಿಲ್ಲುತ್ತಿದ್ದ. ಹೊಸ ಬೆಲ್ಟನ್ನು ಗದಗಿಗೆ ಹೋಗಿ ತಾನೇ ಹುಡುಕಿ ತಂದು ಹಾಕಿಸಿದಳು, ಉಳಿದದ್ದನ್ನು ಮಗನಿಗೆ ಬಿಟ್ಟಳು. ಆ ಹಿಗ್ಗಿನಲ್ಲಿ ಈ ಸಲವೂ ಟ್ರಂಕು ತೆರೆದು ನೋಡಲಿಲ್ಲ.

ಎರಡನೆಯ ಮಂಗಳವಾರ ಹೊರಟಾಗ ಟ್ರಂಕಿನಿಂದ ಹಿಂಗಿನ ವಾಸನೆ ಬರುತ್ತಿತ್ತು. ಬುತ್ತಿ ಕಟ್ಟಿಕೊಂಡಿದ್ದಾನೆ, ಹೊಟ್ಟೆಯ ಚಿಂತೆಯಾದರೂ ಇದೆಯಲ್ಲ ಎಂದುಕೊಂಡಳು. ಭದ್ರಾಪುರ ದಾಟಿತು, ಗಾಡಿ ಚೆನ್ನಾಗಿ ಓಡಿತು. ನಲವಡಿಯ ಹತ್ತಿರ ಬಾನೆಟ್ಟಿನಿಂದ ಬುಸ್ ಎಂದು ಹಬೆ ಎದ್ದಿತು. ರೇಡಿಯೇಟರಿನಿಂದ ಎಂಜಿನ್ನಿಗೆ ನೀರು ಒಯ್ಯುವ ರಬ್ಬರು ಪೈಪು ಒಡೆದಿತ್ತು. ಪೈಪು ಬದಲಿಸಿದರೂ ಸುರಿದುಹೋದ ನೀರು ತುಂಬಬೇಕು. ಪೈಪು ಇದೆಯೇನೋ ಎಂದು ಕೇಳಿದಳು. ಐತಿ ಎಂದ. ಹಾಗಾದರೆ ಹಾಕುತ್ತಿರು, ನಾನು ನೀರು ತರುತ್ತೇನೆ ಎಂದು ಕೊಡ ಹಿಡಿದು ಹೊಲದ ಪಂಪಿನ ಕಡೆ ನಡೆದಳು.

ತಿರುಗಿ ಬಂದು ನೋಡಿದರೆ ಪೈಪು ಕೂತಿದೆ. ಎರಡೂ ತುದಿಗೆ ತಂತಿ ಬಿಗಿದು ಕಟ್ಟಿದ್ದಾನೆ. ನೀರು ಹಾಕಿದಳು, ಒಂದು ಹನಿ ಸೋರಲಿಲ್ಲ. ಬಣ್ಣ ಏಕೋ ತೆಳು ಹಸಿರು, ಈಗಿನ ಪೈಪು ಹಾಗೇ ಇರುತ್ತವೇನೋ. ಸಾವಂತ್ರವ್ವನ ಕಣ್ಣು ತುಂಬಿ ಬಂತು. ಮೂವತ್ತೆರಡು ವರ್ಷಕ್ಕೆ ಮಗ ಒಂದು ಕೆಲಸ ಮಾಡಿ ತೋರಿಸಿದ. ಮೈದಾನದ ಕೆಲಸ ಮುಗಿಸಿ ಬರುವಾಗ ಹುಬ್ಬಳ್ಳಿಯಲ್ಲಿ ಅವನಿಗೊಂದು ಹೊಸ ಅಂಗಿ ಕೊಡಿಸಬೇಕು ಎಂದುಕೊಂಡು ಗೇರು ಹಾಕಿದಳು. ಗಾಡಿ ಅರ್ಧ ಮೈಲಿ ಓಡಿತು. ಆಮೇಲೆ ಪಲ್ಯದ ವಾಸನೆ ಬಂತು.

ಇಳಿದು ಬಾನೆಟ್ ಎತ್ತಿದಳು. ಪೈಪಿನ ಜಾಗದಲ್ಲಿ ಪಡವಲಕಾಯಿ. ಬಾಗಿದ ಪೈಪಿನ ಅಳತೆಗೆ ಸರಿಯಾಗಿ ಬಾಗಿದ ಕಾಯಿಯನ್ನೇ ಸಂತೆಯಲ್ಲಿ ಆರಿಸಿ ತಂದಿದ್ದ, ಎರಡು ತುದಿ ಕೊಯ್ದು ತಿರುಳು ತೆಗೆದು ಹಾಕಿದ್ದ. ಕಾಯಿ ಬಿಸಿನೀರಲ್ಲಿ ಚೆನ್ನಾಗಿ ಬೆಂದು ನಡುವೆ ಬಾಯಿ ಬಿಟ್ಟಿತ್ತು. ಟ್ರಂಕು ತೆಗೆದು ನೋಡಿದಳು. ಗಾಜಿನ ಫ್ಯೂಜು ಹೇಗಿದೆಯೋ ಹಾಗೆ ಇರುವ ಔಷಧದ ಗುಳಿಗೆಗಳು. ಕಾಯಿಲ್ ಹೇಗಿದೆಯೋ ಹಾಗೆ ಇರುವ ಹಿಂಗಿನ ಡಬ್ಬಿ. ಲೈಟಿನ ಬಲ್ಬಿಗೆ ಎರಡು ಬೆಳ್ಳುಳ್ಳಿ ಗಡ್ಡೆ. ಒಗ್ಗರಣೆಗೆ ಎಣ್ಣೆಯೊಂದೇ ಕಡಿಮೆಯಿತ್ತು.

ಅದೇ ಟ್ರ್ಯಾಕ್ಟರಿನವನು ಸಿಕ್ಕಿದ. ಏನಮ್ಮಾ, ಮಂಗಳವಾರ ಮಂಗಳವಾರ ಹರಕೆಯೇನು ಎಂದು ಕೇಳಿದ. ಅವಳು ಹಗ್ಗದ ತುದಿಯನ್ನು ಅವನ ಕೈಗಿಟ್ಟಳು. ಹಗ್ಗದ ಹಿಂದೆ ಸ್ಟೇರಿಂಗ್ ಹಿಡಿದುಕೊಂಡು ಊರ ತನಕ ತುಟಿ ಕಚ್ಚಿಕೊಂಡೇ ಬಂದಳು. ಬೈಯಲು ಶುರುವಿಟ್ಟದ್ದು ಬಾಗಿಲು ಹಾಕಿಕೊಂಡ ಮೇಲೆ. ನೀನು ಹುಟ್ಟಿದ ದಿನ ಸೂಲಗಿತ್ತಿ ಮಗುವನ್ನು ಬಿಟ್ಟು ಬೇರೇನನ್ನೋ ಎತ್ತಿ ಕೊಟ್ಟಳು ಎಂದಳು. ಪಕ್ಕಣ್ಣ ತಲೆ ತಗ್ಗಿಸಿ, ಅದಕ್ಕೆ ಉಪ್ಪು ಹಾಕಬೇಕಿತ್ತೇ ಎಂದು ಕೇಳಿದ.

"ಗಾಡೀದ್ದರಂಗ ಇದ್ರ ಆಗೂದಿಲ್ಲಲೇ," ಎಂದಳು ಸಾವಂತ್ರವ್ವ. "ಗಾಡೀದ ಇರಬೇಕು. ಪೆಟ್ಟಿಗ್ಯಾಗ ಗಾಡಿ ಸಾಮಾನ ಬಿಟ್ಟು ಬ್ಯಾರೆ ಒಂದು ಕಡ್ಡಿ ಸೈತ ಇರಬಾರದು."

"ಗಾಡೀದ," ಎಂದ ಪಕ್ಕಣ್ಣ. ಇದನ್ನೂ ಬಾಯಿಪಾಠ ಮಾಡಿಕೊಂಡ.

ಈಗ ಉಳಿದದ್ದು ಒಂದೇ ಮಂಗಳವಾರ. ಸಾವಂತ್ರವ್ವನಿಗೆ ಅನ್ನ ಸೇರಲಿಲ್ಲ. ಹೊಸ ಪೈಪು ತಂದು ಹಾಕಿಸಿದಳು. ಒಯ್ದವರ ಮನೆಮನೆಗೆ ಹೋಗಿ, ಕೆಲವರ ಮನೆಯಲ್ಲಿ ಕೂಗಾಡಿ, ಗಂಡನ ಪಾನಾಗಳನ್ನು ಒಂದೊಂದಾಗಿ ಕಿತ್ತುಕೊಂಡು ಬಂದಳು. ಇಂಚಿನವು ಒಂದು ಚೀಲ, ಮಿಲಿಮೀಟರಿನವು ಒಂದು ಚೀಲ, ಇಕ್ಕಳ, ಸ್ಕ್ರೂಡ್ರೈವರು, ಸುತ್ತಿಗೆ, ಜಾಕು, ತಂತಿಯ ಸುರುಳಿ ಎಲ್ಲವನ್ನೂ ಸ್ವತಃ ಟ್ರಂಕಿಗೆ ಹಾಕಿದಳು. ಇಷ್ಟು ಮಾಡಿದವಳು ಬಿಡಿಭಾಗಗಳನ್ನೂ ತಾನೇ ಇಟ್ಟುಕೊಳ್ಳಬೇಕೋ ಬೇಡವೋ? ಇಲ್ಲ. ಉಳಿದದ್ದನ್ನು ನೀನು ತುಂಬು, ನಾನು ಹೇಳಿದ್ದು ನೆನಪಿದೆಯಲ್ಲ ಎಂದು ಮಗನಿಗೇ ಬಿಟ್ಟಳು. ಕಾರು ಕಟ್ಟಿದವನ ಹೆಂಡತಿಗೆ ಮಗನನ್ನೂ ಬಿಗಿದು ಸರಿಮಾಡಬಹುದೆಂಬ ಭ್ರಮೆ.

ಮೂರನೆಯ ಮಂಗಳವಾರ ಬೆಳಿಗ್ಗೆ ಏಳಕ್ಕೆ ಗಾಡಿಗೆ ಹೂ ಏರಿಸಿ, ತೆಂಗಿನಕಾಯಿ ಒಡೆದು, ಕೂತು ಕೀಲಿ ತಿರುವಿದಳು. ಗಾಡಿ ಉಸಿರೆತ್ತಲಿಲ್ಲ. ಮತ್ತೆ ತಿರುವಿದಳು. ಇಳಿದು ಬಾನೆಟ್ ಎತ್ತಿದರೆ ಅಲ್ಲಿ ಎಂಜಿನ್ನಿನ ಬೋಳು ಕಬ್ಬಿಣ ಬಿಟ್ಟರೆ ಏನಿಲ್ಲ. ಬೆಲ್ಟಿಲ್ಲ, ಹೊಸ ಪೈಪಿಲ್ಲ, ಪ್ಲಗ್ಗಿಲ್ಲ, ಕಾಯಿಲ್ ಇಲ್ಲ, ಫ್ಯೂಜಿಲ್ಲ. ಪಕ್ಕಣ್ಣ ಓಡಿ ಬಂದು ಟ್ರಂಕು ತೆರೆದು ತೋರಿಸಿದ. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತಿಕ್ಕಿ, ತನ್ನ ಹಳೇ ಬನಿಯನ್ನು ಹರಿದು ಅದರಲ್ಲಿ ಸುತ್ತಿ, ಸಾಲಾಗಿ ಇಟ್ಟಿದ್ದ. ಎಲ್ಲವೂ ಗಾಡಿಯದೇ. ಬೇರೆ ಒಂದು ಕಡ್ಡಿ ಇರಲಿಲ್ಲ.

ಅವಳು ಬೈಯಲಿಲ್ಲ, ಬೈಯಲು ಹೊತ್ತಿರಲಿಲ್ಲ. ಸೀರೆ ಮೇಲಕ್ಕೆ ಕಟ್ಟಿ, ಎಂಜಿನ್ನಿನ ಮೇಲೆ ಬಾಗಿದಳು. ಗಂಡನ ಪಕ್ಕದಲ್ಲಿ ಹನ್ನೊಂದು ವರ್ಷ ಪಾನಾ ಎತ್ತಿಕೊಟ್ಟ ಕೈ ಅದು, ಮರೆತಿರಲಿಲ್ಲ. ಪ್ಲಗ್ಗು ಕೂರಿಸಿದಳು, ವಾಯರು ಸಿಕ್ಕಿಸಿದಳು, ಪೈಪು ಬಿಗಿದಳು, ಬೆಲ್ಟು ಎಳೆದು ಹಾಕಿದಳು. ಮೂರು ಬೆರಳಿನ ಚರ್ಮ ಕಿತ್ತುಬಂತು. ಹತ್ತೂಮುಕ್ಕಾಲಿಗೆ ಗಾಡಿ ಗುಡುಗಿತು.

ಭದ್ರಾಪುರ ದಾಟುವಾಗ ಅವಳು ಬಾಯಿ ಬಿಟ್ಟಳು. ಎದುರಿನ ರಸ್ತೆಯನ್ನೇ ನೋಡುತ್ತ, ಒಂದೊಂದೇ ಮಾತು ತೂಗಿ ಹೇಳಿದಳು. ಇನ್ನು ಮೇಲೆ ನಿನ್ನ ತಲೆ ಓಡಿಸಬೇಡ. ನನ್ನ ಮಾತನ್ನೂ ತಿರುವಿ ಹಾಕಬೇಡ. ಅಲ್ಲಿ ಸಾಹೇಬರು ಏನು ಹೇಳುತ್ತಾರೋ ಅದನ್ನು ಮಾಡು, ಅವರು ಸಾಕು ಅನ್ನುವ ತನಕ ಮಾಡು. ಪಕ್ಕಣ್ಣ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಸಾಕು ಅನ್ನುವ ತನಕ, ಸಾಕು ಅನ್ನುವ ತನಕ ಎಂದು ಹುಬ್ಬಳ್ಳಿ ಬರುವವರೆಗೂ ಜಪಿಸಿದ.

ದಾರಿಯಲ್ಲಿ ಬೆಲ್ಟು ಹರಿಯಲಿಲ್ಲ, ಪೈಪು ಒಡೆಯಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಕುಂಕುಮದ ಬಣ್ಣದ ಗಾಡಿ ತನ್ನ ಗಾಲಿಯ ಮೇಲೆ ತಾನೇ ತಪಾಸಣೆ ಮೈದಾನದೊಳಕ್ಕೆ ಬಂತು. ಗೇಟಿನವನು ಹೊತ್ತು ಬರೆದುಕೊಂಡ. ಸಾವಂತ್ರವ್ವ ಸ್ಟೇರಿಂಗಿಗೆ ಹಣೆ ಹಚ್ಚಿ ಗಂಡನನ್ನು ನೆನೆದಳು. ಅವಳ ಪಾಲಿಗೆ ಗೆದ್ದಾಗಿತ್ತು. ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಿಮಗೂ ಒಳ್ಳೆಯದು, ಅವಳಿಗೂ ಒಳ್ಳೆಯದು. ಆದರೆ ಗಾಡಿಯಲ್ಲಿ ಎರಡು ಸೀಟಿದ್ದವಲ್ಲ.

ತಪಾಸಣೆ ಮಾಡುವ ದೇಸಾಯಿ ಸಾಹೇಬರು ಸಜ್ಜನರು, ಅವರದೇನೂ ತಪ್ಪಿಲ್ಲ. ಗಾಡಿಯ ಸುತ್ತ ಬಂದು, ಚೆಂದ ಕಟ್ಟಿದ್ದಾರೆ ಎಂದು ಮೆಚ್ಚಿದರು. ಸಾವಂತ್ರವ್ವನಿಗೆ ಕಾಗದಪತ್ರ ತೆಗೆದುಕೊಂಡು ಕಿಟಕಿಯ ಸಾಲಿನಲ್ಲಿ ನಿಲ್ಲಲು ಹೇಳಿದರು. ಅವಳು ಹೋದಳು. ಸಾಲು ಉದ್ದವಿತ್ತು. ಸಾಹೇಬರು ಗಡಿಯಾರ ನೋಡಿಕೊಂಡು ಪಕ್ಕಣ್ಣನ ಕಡೆ ತಿರುಗಿದರು.

"ಎಂಜಿನ್ ನಂಬರು, ಚಾಸಿ ನಂಬರು ಚೊಲೋತ್ನಂಗ ಕಾಣಬೇಕು ನೋಡಪಾ. ಬಿಚ್ಚಿ ಇಡು. ನಾ ಊಟ ಮಾಡಿ ಬರತೀನಿ."

ಬಾನೆಟ್ಟು ಬಿಚ್ಚಿ ಇಡು ಎಂಬುದು ಅವರ ಮಾತು. ಬಾನೆಟ್ಟು ಎನ್ನುವ ಪದ ಮಾತ್ರ ಬಾಯಿಂದ ಬರಲಿಲ್ಲ. ಪಕ್ಕಣ್ಣನ ಹತ್ತಿರ ಈಗ ಎಲ್ಲ ಅಳತೆಯ ಪಾನಾ ಇದ್ದವು, ಎರಡು ತಾಸಿನ ಹೊತ್ತಿತ್ತು, ಮೈಯಲ್ಲಿ ಕಸುವಿತ್ತು. ಸಾಕು ಅನ್ನಬೇಕಾದವರು ಊಟಕ್ಕೆ ಹೋಗಿದ್ದರು.

ಬಾನೆಟ್ಟು ತೆಗೆದ. ಸಾಕು ಎಂದು ಯಾರೂ ಅನ್ನಲಿಲ್ಲ. ಬಾಗಿಲು ತೆಗೆದ, ಸೀಟು ತೆಗೆದ, ಸ್ಟೇರಿಂಗು ತೆಗೆದ, ರೇಡಿಯೇಟರು ತೆಗೆದ. ಬಿಚ್ಚುವುದರಲ್ಲಿ ಅಪ್ಪನ ಕೈಗುಣ ಪೂರ್ತಿ ಬಂದಿತ್ತು, ಒಂದು ನಟ್ಟು ಕಳೆಯಲಿಲ್ಲ, ಒಂದು ಗೀರು ಬೀಳಲಿಲ್ಲ. ಫೈಬರಿನ ಮೈಯನ್ನು ಚೌಕಟ್ಟಿನಿಂದ ಎತ್ತುವಾಗ ಸಾಲಿನಲ್ಲಿದ್ದ ನಾಲ್ಕು ಡ್ರೈವರುಗಳು ಕೈ ಹಚ್ಚಿದರು, ಸಾಹೇಬರು ಹೇಳಿದ್ದಾರೆ ಎಂದರೆ ಯಾರು ಬೇಡವೆನ್ನುತ್ತಾರೆ? ಎಂಜಿನ್ನನ್ನೂ ಅವರೇ ಸೇರಿ ಇಳಿಸಿಕೊಟ್ಟರು. ಕೊನೆಗೆ ನಾಲ್ಕು ಗಾಲಿ.

ಎರಡೂಕಾಲು ಗಂಟೆಗೆ ಸಾವಂತ್ರವ್ವ ಠಸ್ಸೆ ಹಾಕಿಸಿಕೊಂಡ ಕಾಗದ ಹಿಡಿದು ಬಂದಳು. ಬೇವಿನ ಮರದ ನೆರಳಲ್ಲಿ ಹನ್ನೊಂದು ವರ್ಷದ ಕೆಲಸ ಸಾಲುಸಾಲಾಗಿ ಮಲಗಿತ್ತು. ಅದೇ ಹೊತ್ತಿಗೆ ಸಾಹೇಬರೂ ಎಲೆಅಡಿಕೆ ಹಾಕಿಕೊಂಡು ಬಂದರು. ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಬಾಗಿ ಎಂಜಿನ್ ನಂಬರು ನೋಡಿದರು, ಚಾಸಿ ನಂಬರು ನೋಡಿದರು, ಎರಡೂ ಕಾಗದಕ್ಕೆ ಸರಿಹೊಂದುತ್ತವೆ ಎಂದರು. ಇಷ್ಟು ಸ್ಪಷ್ಟವಾಗಿ ಯಾವ ಗಾಡಿಯ ನಂಬರೂ ಈವರೆಗೆ ಕಂಡಿರಲಿಲ್ಲವಂತೆ. ಇನ್ನು ಬ್ರೇಕು ನೋಡಬೇಕು, ಓಡಿಸಿ ತೋರಿಸಿ ಎಂದರು.

ಸಾವಂತ್ರವ್ವ ಕೈ ಮುಗಿದಳು. ಇವತ್ತೇ ಕೊನೆಯ ದಿನ ಎಂದು ಬೇಡಿಕೊಂಡಳು. ಸಾಹೇಬರು ಮರುಗಿದರು. ಐದಕ್ಕೆ ಕಚೇರಿ ಮುಚ್ಚುತ್ತದೆ, ಅಷ್ಟರೊಳಗೆ ಜೋಡಿಸಿ ಓಡಿಸಿ ತೋರಿಸಿದರೆ ಪಾಸು ಮಾಡುತ್ತೇನೆ, ಅದಕ್ಕೆ ಒಂದು ಅರ್ಜಿ ಬರೆದುಕೊಡಿ ಎಂದು ಒಳಗೆ ಕರೆದರು. ಬಿಚ್ಚಿದ ಕೈಯೇ ಜೋಡಿಸಲು ತೊಡಗಿದರೆ, ತಾನೂ ಬೇಗ ಬಂದು ಸೇರಿದರೆ, ಆ ಡ್ರೈವರುಗಳೂ ಕೈ ಹಚ್ಚಿದರೆ ಆಗಬಹುದಿತ್ತು. ಆಗುತ್ತಿತ್ತು ಎಂದೇ ನಾನು ಹೇಳುತ್ತೇನೆ.

ಮೆಟ್ಟಿಲು ಹತ್ತುತ್ತ ಅವಳು ತಿರುಗಿ ಮಗನಿಗೆ ಕೂಗಿ ಹೇಳಿದಳು. "ಲೇ ಪಕ್ಕ್ಯಾ, ನಾ ಹೊರಗ ಬರೂದರಾಗ ಎಲ್ಲಾ ಕೂಡಿಸು."

ಮೂರು ಮಂಗಳವಾರ ಸುಟ್ಟುಕೊಂಡ ಹೆಂಗಸು, ಜೋಡಿಸು ಎಂದು ಬಿಡಿಸಿ ಹೇಳಬಾರದಾಗಿತ್ತೇ? ಮಗನಿಗೆ ತಲೆಯಿಲ್ಲ, ಸರಿ. ಇವಳಿಗೆ ನಾಲಗೆಯಾದರೂ ಇತ್ತಲ್ಲ.

ಅರ್ಜಿ ಬರೆಯಲು ಕಾಗದ ಬೇಕಾಯಿತು, ಕಾಗದ ಸಿಕ್ಕಾಗ ಬರೆಯುವವನು ಚಹಾಕ್ಕೆ ಹೋಗಿದ್ದ, ಬರೆದ ಮೇಲೆ ಇನ್ನೊಬ್ಬರ ಸಹಿ ಬೇಕಾಯಿತು. ಒಳಗೆ ಕೂತವಳ ಜೀವ ಹೊರಗಿತ್ತು. ಒಮ್ಮೆ ಹೊರಗಿನಿಂದ ಪಕ್ಕಣ್ಣನ ದನಿ ಕೇಳಿಸಿತು, ಸರೀರಿ, ಸರೀರಿ ಎಂದು ಯಾರಿಗೋ ಹೇಳುತ್ತಿದ್ದ. ಭಾರದ ಸಾಮಾನು ಎತ್ತುತ್ತಿದ್ದಾನೆ, ಕೆಲಸ ನಡೆದಿದೆ ಎಂದು ಸಮಾಧಾನ ತಂದುಕೊಂಡಳು. ನಾಲ್ಕೂವರೆ ದಾಟಿದ ಮೇಲೆ ಅರ್ಜಿ ಕೈಗೆ ಬಂತು. ಸಾಹೇಬರೂ ಜೊತೆಗೇ ಎದ್ದರು.

ಹೊರಗಿನ ಪಡಸಾಲೆಯಲ್ಲಿ ಜನ ಕಾಯುವುದಕ್ಕೆಂದು ಉದ್ದನೆಯ ಎರಡು ಬೆಂಚು ಹಾಕಿದ್ದರು. ಜನ ಗೋಡೆಗೆ ಆತು ನಿಂತಿದ್ದರು. ಬೆಂಚಿನ ಮೇಲೆ ಮೊದಲು ನಾಲ್ಕು ಗಾಲಿ, ಅವುಗಳ ಪಕ್ಕಕ್ಕೆ ಸ್ಟೇರಿಂಗು, ಅದರ ಪಕ್ಕಕ್ಕೆ ರೇಡಿಯೇಟರು, ಹಾರ್ನು, ಎರಡು ಲೈಟು, ಗೇರು, ಡೈನಮೊ. ಎರಡನೆಯ ಬೆಂಚಿನಲ್ಲಿ ಬಾಗಿಲುಗಳು ಗೋಡೆಗೆ ಒರಗಿ ಕೂತಿದ್ದವು. ಸೀಟುಗಳನ್ನೂ ಬೆಂಚಿನ ಮೇಲೆಯೇ ಕೂಡಿಸಿದ್ದ, ಆ ಕಡೆ ಕೂಡಿಸುವುದೆಂದರೆ ಕೂರಿಸುವುದೂ ಹೌದಲ್ಲ. ಬಿದ್ದುಹೋಗುವಂಥವನ್ನು ತಂತಿಯಿಂದ ಬೆಂಚಿಗೆ ಬಿಗಿದು ಕಟ್ಟಿದ್ದ. ಕೂತವರಿಗೆಲ್ಲ ತಲಾ ಒಂದು ಲೋಟ ನೀರನ್ನೂ ಮುಂದಿಟ್ಟಿದ್ದ, ಬಂದವರನ್ನು ಕೂಡಿಸಿ ನೀರು ಕೊಡಬೇಕೆಂದು ತಾಯಿ ಚಿಕ್ಕಂದಿನಿಂದ ಕಲಿಸಿದ್ದಳಲ್ಲ.

ಸಾಹೇಬರು ಗೋಡೆ ಗಡಿಯಾರ ನೋಡಿದರು. ಸಾವಂತ್ರವ್ವ ಅರ್ಜಿಯನ್ನು ಮಡಚಿದಳು, ಮತ್ತೆ ಬಿಡಿಸಿದಳು, ಮತ್ತೆ ಮಡಚಿದಳು. ಇಪ್ಪತ್ತು ನಿಮಿಷದಲ್ಲಿ ಈರಬಸಪ್ಪನೇ ಎದ್ದು ಬಂದರೂ ಆಗುವ ಕೆಲಸವಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಡ ಎರಡನೆಯ ಸಲ ಸತ್ತ ಹಾಗಾಯಿತು ಅವಳಿಗೆ. ಐದು ಹೊಡೆಯಿತು. ಸಾಹೇಬರು ದಫ್ತರ ತರಿಸಿ, ಕನ್ನಡಕ ಹಾಕಿಕೊಂಡು, ನಂಬರಿನ ಮೇಲೆ ಕೆಂಪು ಗೆರೆ ಎಳೆದರು. ಗೆರೆ ನೇರವಾಗಿ ಬರಲೆಂದು ಪಕ್ಕಣ್ಣ ದಫ್ತರದ ಅಂಚನ್ನು ಒತ್ತಿ ಹಿಡಿದುಕೊಟ್ಟ.

ಆಮೇಲೆ ತಾಯಿಯ ಹತ್ತಿರ ಬಂದು, ಅಂಗಳದ ಕಡೆ ಬೆರಳು ತೋರಿಸಿದ. ಬೆವರು ಸುರಿಯುತ್ತಿತ್ತು, ಮುಖದಲ್ಲಿ ಸಂಕಟವಿತ್ತು.

"ಎಲ್ಲಾರನ್ನೂ ಕೂಡಿಸೇನಿ ಯವ್ವಾ. ಎಂಜಿನ್ ಒಂದು ಎಷ್ಟ ಹೇಳಿದ್ರೂ ಕೂಡವಲ್ದು. ನೀ ಬಂದು ಒಂದೀಟು ಬೈದು ಹೇಳು, ನೀ ಹೇಳಿದ್ರ ಕೇಳತೈತಿ."